ತೊಟ್ಟಿಲ ಪದ ಮತ್ತು ಕೂಸಿನ ಕಿವಿ

ಲಚ್ಯಾಣವನ್ನೊಳಗೊಂಡ ಇಂಡಿ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನದ ಮೂಲಕ ಬೆಳಕಿಗೆ ತಂದರು. ಅದನ್ನು ಗರತಿಯ ಅಂತರಂಗದ ದಾಖಲೆಯಾಗಿ ಓದಲಾಗಿದೆ. ಹಾಡನ್ನು ಆಲಿಸಿದ ಕೂಸಿನ ಕಡೆಯಿಂದಲೂ ನೋಡಬೇಕಾಗಿದೆ.

ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ತಕಾರ-ಟಕಾರಗಳ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕನ್ನಡದ ಕೂಸಿಗಾದರೋ ‘ತೊಟ್ಟಿಲು’ ಎಂಬ ಒಂದೇ ಮಾತಿನಲ್ಲಿ ಎರಡೂ ದೊರೆಯುತ್ತವೆ. ತ್ರಿಪದಿಯ ಪ್ರಾಸ, ಹಾಡುವಾಗ ಮರುಕಳಿಸುವ ಎರಡನೆಯ ಸಾಲು ಅವೇ ಧ್ವನಿಗಳನ್ನು ಮತ್ತೆ ಮತ್ತೆ ಕಿವಿಗೆ ತಲುಪಿಸುತ್ತವೆ.

ಅಚ್ಚಿನ ಪುಟ ಪದವನ್ನು ಉಳಿಸಿತು, ದನಿಯನ್ನಲ್ಲ. ಕೂಸು ಕಲಿಯುವುದು ದನಿಯಿಂದ. ಆದ್ದರಿಂದ ಹಾಡುವ ಅಜ್ಜಿಯರಿರುವಾಗಲೇ ಅವರ ಕಂಠವನ್ನು ಧ್ವನಿಮುದ್ರಿಸುವುದು ಜಾನಪದ ಸಂಶೋಧನೆಯ ತುರ್ತು ಕರ್ತವ್ಯವಾಗಿದೆ.