ಅಂಚಿನ ನೇರಳೆ ಗೆರೆ

ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಗಣಕಯಂತ್ರದ ಪರದೆಯ ಮೇಲೆ ಹಿಗ್ಗಿಸಿ ನೋಡುವ ಅಭ್ಯಾಸವುಳ್ಳವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬೆಳ್ಳನೆಯ ಆಕಾಶಕ್ಕೆ ಎದುರಾಗಿ ನಿಂತ ತೆಂಗಿನ ಗರಿ, ವಿದ್ಯುತ್ ತಂತಿ, ಗೋಪುರದ ಕಳಶ ಇವುಗಳ ಅಂಚಿನಲ್ಲಿ ನಮ್ಮ ಕಣ್ಣು ಎಂದೂ ಕಾಣದ ನೇರಳೆ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಈಗಿನ ತಂತ್ರಾಂಶಗಳಲ್ಲಿ ಅದನ್ನು ಒರೆಸಿಹಾಕುವುದು ಒಂದು ನಿಮಿಷದ ಕೆಲಸ. ಆದರೆ ಇದೇ ಗೆರೆಯನ್ನು ಅಳಿಸಲು ಸಾಧ್ಯವೇ ಇಲ್ಲವೆಂದು ಲೋಕದ ಅತಿ ದೊಡ್ಡ ವಿಜ್ಞಾನಿಯೊಬ್ಬರು ತೀರ್ಪು ಕೊಟ್ಟಿದ್ದರು, ಮತ್ತು ಯೂರೋಪು ಆ ತೀರ್ಪನ್ನು ಬಹುಕಾಲ ಶಿರಸಾವಹಿಸಿತ್ತು ಎಂಬುದನ್ನು ಬಲ್ಲವರು ಕಡಿಮೆ.

ಕಾರಣ ಸರಳವಾದುದು. ಮಸೂರದ ಅಂಚು ಒಂದು ಬಗೆಯ ಅಶ್ರಗವೇ ಸರಿ. ಅದು ಬೆಳಕನ್ನು ಬಾಗಿಸುವಾಗ ನೇರಳೆಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಬಾಗಿಸುತ್ತದೆ. ಹೀಗಾಗಿ ಬಣ್ಣಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದಕ್ಕೆ ವರ್ಣವಿಪಥನವೆಂದು ಹೆಸರು. ಹದಿನೇಳನೆಯ ಶತಮಾನದ ಖಗೋಳಜ್ಞರು ಇದರಿಂದ ಬಹಳ ಬವಣೆಪಟ್ಟರು. ಮಸೂರದ ಸಂಗಮದೂರವನ್ನು ಹೆಚ್ಚಿಸಿದಷ್ಟೂ ಬಣ್ಣದ ಉಪದ್ರವ ಕಡಿಮೆಯಾಗುತ್ತದೆಂದು ಕಂಡುಕೊಂಡು ದೂರದರ್ಶಕಗಳನ್ನು ಉದ್ದ ಮಾಡುತ್ತಲೇ ಹೋದರು. ಇಂದು ಪೋಲೆಂಡಿನಲ್ಲಿರುವ ಡಾಂಟ್‌ಜಿಗ್ ನಗರದಲ್ಲಿ ಹೆವೇಲಿಯಸ್ ಎಂಬವರು ಕಟ್ಟಿಸಿದ ದೂರದರ್ಶಕದ ಉದ್ದ 150 ಅಡಿ! ಕಂಬ ನೆಟ್ಟು ಹಗ್ಗಗಳಿಂದ ತೂಗಿಬಿಟ್ಟ ಆ ಯಂತ್ರ ಗಾಳಿ ಬೀಸಿದರೆ ಓಲಾಡುತ್ತಿತ್ತು.

ಬಿಳಿಯ ಬೆಳಕನ್ನು ಅಶ್ರಗದಿಂದ ಬಿಡಿಸಿ ತೋರಿಸಿದ ನ್ಯೂಟನ್ನರೇ ಈ ದೋಷದ ಮೂಲವನ್ನೂ ಗುರುತಿಸಿದರು. ಆದರೆ ಪದಾರ್ಥ ಯಾವುದೇ ಇರಲಿ, ಬಾಗುವಿಕೆ ಎಷ್ಟೋ ಬಣ್ಣಗಳ ಹರಡುವಿಕೆಯೂ ಅಷ್ಟೇ ಎಂದು ಅವರು ನಂಬಿದರು. ಅದು ನಿಜವಾದರೆ ಬಣ್ಣವನ್ನು ತೆಗೆಯಹೋದಾಗ ಬಾಗುವಿಕೆಯೂ ಹೋಗಿ ಮಸೂರವೇ ನಿರರ್ಥಕವಾಗುತ್ತದೆ. ಆದ್ದರಿಂದ ಅವರು ಮಸೂರವನ್ನೇ ಕೈಬಿಟ್ಟು 1668ರಲ್ಲಿ ಕನ್ನಡಿಯ ದೂರದರ್ಶಕವನ್ನು ನಿರ್ಮಿಸಿದರು. 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿಯೂ ಮಸೂರದ ವಿಷಯದಲ್ಲಿ ಅವರದು ನಿರಾಶೆಯ ಮಾತೇ. ನಾನು ತರಗತಿಯಲ್ಲಿ ಬೋಧಿಸುತ್ತಿದ್ದ ಪಠ್ಯ ನ್ಯೂಟನ್ನರ ಏಳು ಬಣ್ಣಗಳಿಗೇ ಮುಗಿಯುತ್ತಿತ್ತು. ಮಹಾಪುರುಷರ ಈ ತಪ್ಪು ಕೂಡ ಅಲ್ಲಿ ಇದ್ದಿದ್ದರೆ ಹುಡುಗರಿಗೆ ವಿಜ್ಞಾನ ಇನ್ನಷ್ಟು ಆಪ್ತವಾಗುತ್ತಿತ್ತೆಂದು ನನ್ನ ಅನಿಸಿಕೆ.

ತಪ್ಪನ್ನು ಮೊದಲು ಮೀರಿದವರು ವೃತ್ತಿಯ ವಿಜ್ಞಾನಿಗಳಲ್ಲ, ಇಂಗ್ಲೆಂಡಿನ ಎಸೆಕ್ಸಿನ ಒಬ್ಬ ನ್ಯಾಯವಾದಿ, ಚೆಸ್ಟರ್ ಮೂರ್ ಹಾಲ್. ಸೀಸ ಬೆರೆತ ಫ್ಲಿಂಟ್ ಗಾಜು ಸಾಮಾನ್ಯ ಕ್ರೌನ್ ಗಾಜಿಗಿಂತ ಬಣ್ಣಗಳನ್ನು ಬಹಳ ಹೆಚ್ಚಾಗಿ ಹರಡುತ್ತದೆ. ಕ್ರೌನ್ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಗಾಜಿನ ನಿಮ್ನ ಮಸೂರವನ್ನು ಜೋಡಿಸಿದರೆ ಒಂದರ ಬಣ್ಣ ಇನ್ನೊಂದರಿಂದ ವಜಾ ಆಗಿ, ಬಾಗುವಿಕೆ ಮಾತ್ರ ಸ್ವಲ್ಪ ಉಳಿಯುತ್ತದೆ. 1733ರ ಸುಮಾರಿಗೆ ಹಾಲ್ ಇದನ್ನು ಮಾಡಿಸಿದ ಬಗೆ ಸ್ವಾರಸ್ಯಕರವಾಗಿದೆ. ಗುಟ್ಟು ಹೊರಬೀಳಬಾರದೆಂದು ಅವರು ಒಂದೊಂದು ಮಸೂರವನ್ನು ಒಬ್ಬೊಬ್ಬ ಕುಶಲಕರ್ಮಿಗೆ ವಹಿಸಿದರಂತೆ. ಆ ಇಬ್ಬರೂ ಕೆಲಸದ ಒತ್ತಡದಿಂದ ಅದನ್ನು ಜಾರ್ಜ್ ಬಾಸ್ ಎಂಬ ಮೂರನೆಯವರಿಗೇ ಒಪ್ಪಿಸಿಬಿಟ್ಟರು! ಎರಡೂ ಒಬ್ಬರಿಗಾಗಿಯೇ ಎಂದು ತಿಳಿದ ಬಾಸ್ ಅವನ್ನು ಕೂಡಿಸಿ ನೋಡಿದರೆ ಬಣ್ಣದ ಗೆರೆ ಮಾಯ. ಹಾಲ್ ಮಾತ್ರ ಏನನ್ನೂ ಪ್ರಕಟಿಸದೆ ಸುಮ್ಮನಾದರು.

ರೇಷ್ಮೆ ನೇಯ್ಗೆಯ ಕುಲದವರಾಗಿ ತಾವೂ ಮಗ್ಗದಲ್ಲಿ ದುಡಿದು, 1752ರಲ್ಲಿ ಮಗನ ಕನ್ನಡಕದ ಅಂಗಡಿಗೆ ಸೇರಿಕೊಂಡ ಜಾನ್ ಡಾಲಂಡ್ ಮೊದಲು ನ್ಯೂಟನ್ನರ ಪಕ್ಷವನ್ನೇ ವಹಿಸಿ ಗಣಿತಜ್ಞ ಆಯ್ಲರ್ ಅವರೊಡನೆ ವಾದಿಸಿದ್ದರು. ಸ್ವೀಡನ್ನಿನ ಕ್ಲಿಂಗನ್‌ಸ್ಟಿಯೆರ್ನಾ ಎತ್ತಿದ ಆಕ್ಷೇಪವನ್ನು ಕಂಡ ಬಳಿಕ, ಗಾಜಿನ ಅಶ್ರಗವನ್ನು ನೀರಿನಲ್ಲಿರಿಸುವ ನ್ಯೂಟನ್ನರ ಪ್ರಯೋಗವನ್ನು 1757ರಲ್ಲಿ ತಾವೇ ಮಾಡಿದರು. ಫಲಿತಾಂಶ ಗ್ರಂಥದಲ್ಲಿದ್ದಂತೆ ಬರಲಿಲ್ಲ. ಗುರುವಿನ ಮಾತನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ನಂಬಿದ ಈ ನೇಕಾರರ ಬಗ್ಗೆ ನನಗೆ ವಿಶೇಷ ಗೌರವ. 1758ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಬಾಸ್ ಅವರಿಂದ ಹಾಲ್‌ರ ಸಂಗತಿ ಅವರ ಕಿವಿಗೆ ಬಿದ್ದಿತ್ತೆಂಬ ಮಾತೂ ಉಂಟು. ಅವರ ನಿಧನಾನಂತರ ಮಗ ಪೀಟರ್ ಹೂಡಿದ ದಾವೆಯಲ್ಲಿ, 1766ರಲ್ಲಿ, ಹಾಲ್ ಮೊದಲಿಗರೆಂಬುದು ಸ್ಥಾಪಿತವಾಯಿತು. ಆದರೂ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟವರಿಗಿಂತ ಲೋಕಕ್ಕೆ ಒದಗಿಸಿದವರಿಗೇ ಫಲ ಸಲ್ಲಬೇಕೆಂದು ನ್ಯಾಯಾಲಯ ಹೇಳಿತು. ಹಾಲ್ ಆಗ ಇನ್ನೂ ಬದುಕಿದ್ದರು.

ಡಾಲಂಡ್ ಮಸೂರ ಎರಡು ಬಣ್ಣಗಳನ್ನು ಒಂದೆಡೆ ಸೇರಿಸಿತೇ ಹೊರತು ಎಲ್ಲವನ್ನೂ ಅಲ್ಲ. 1886ರಲ್ಲಿ ಜರ್ಮನಿಯ ಯೇನಾದಲ್ಲಿ ಅರ್ನ್‌ಸ್ಟ್ ಆಬೆ ಅವರು ಹೊಸ ಗಾಜು ಹಾಗೂ ಫ್ಲೋರೈಟ್ ಖನಿಜವನ್ನು ಬಳಸಿ ಸೂಕ್ಷ್ಮದರ್ಶಕಗಳಲ್ಲಿ ಮೂರು ಬಣ್ಣಗಳನ್ನು ಕೂಡಿಸಿದರು. ಇಷ್ಟಾದರೂ ಸ್ವಲ್ಪ ಶೇಷ ಉಳಿದೇ ಉಳಿಯುತ್ತದೆ. ನಮ್ಮ ಚಿತ್ರದ ನೇರಳೆ ಗೆರೆ ಬಹುಮಟ್ಟಿಗೆ ಆ ಶೇಷವೇ.

ತಂತ್ರಾಂಶ ಇದಕ್ಕೆ ಎರಡು ಬಗೆಯ ಉಪಾಯ ಮಾಡುತ್ತದೆ. ಚಿತ್ರದ ಮೂಲೆಗಳತ್ತ ಹೆಚ್ಚುವ ಕೆಂಪು-ಹಸಿರು ಅಂಚಾದರೆ, ಕೆಂಪು ಮತ್ತು ನೀಲಿ ಪದರಗಳ ಅಳತೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ ಹಸಿರು ಪದರಕ್ಕೆ ಹೊಂದಿಸುತ್ತದೆ. ಇದು ಪ್ರಾಮಾಣಿಕವಾದ ರಿಪೇರಿ. ಸಂಗಮದಲ್ಲಿನ ವ್ಯತ್ಯಾಸದಿಂದ ಹುಟ್ಟುವ ನೇರಳೆ ಅಂಚಿಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಲೈಟ್‌ರೂಮಿನಲ್ಲಿ 2012ರಲ್ಲಿ 4.1ನೆಯ ಆವೃತ್ತಿಯೊಡನೆ ಬಂದ ಸಾಧನವು ಗಾಢ-ತೆಳು ಸೇರುವ ಅಂಚುಗಳನ್ನು ಹುಡುಕಿ, ನಾವು ತೋರಿಸಿದ ಬಣ್ಣವನ್ನು ಅಲ್ಲಿ ಬಸಿದುಬಿಡುತ್ತದೆ. ಆ ನೇರಳೆ ಮಸೂರದ್ದೋ, ವಸ್ತುವಿನದ್ದೋ ಎಂಬುದು ಅದಕ್ಕೆ ತಿಳಿಯದು. ನನ್ನ ಮೊಮ್ಮಗ ನಮ್ಮ ಬೀದಿಯ ಜಕರಂಡ ಮರದ ಚಿತ್ರವನ್ನು ಹೀಗೆ ತಿದ್ದಿದಾಗ, ತಂತಿಯ ಅಂಚೇನೋ ಶುಭ್ರವಾಯಿತು. ಆಕಾಶಕ್ಕೆ ಎದುರಾಗಿದ್ದ ಹೂಗಳೂ ಬೂದಿಬಣ್ಣಕ್ಕೆ ತಿರುಗಿದವು. ಅವನು ಅದನ್ನೆಲ್ಲ ರದ್ದು ಮಾಡಿ, ಕುಂಚದ ಸಾಧನದಿಂದ ತಂತಿಯ ಉದ್ದಕ್ಕೆ ಮಾತ್ರ ಎಳೆದ. ಕಾಲು ಗಂಟೆ ಹಿಡಿಯಿತು.