ಇಂಧನ ಸಚಿವರಾಗಿ ಡಿ. ಕೆ. ಶಿವಕುಮಾರ್

ದೊಡ್ಡಾಲಹಳ್ಳಿ ಕೆಂಪೇಗೌಡ ಶಿವಕುಮಾರ್ (ಜನನ: 15 ಮೇ 1962) ಕನಕಪುರ ತಾಲ್ಲೂಕಿನ ದೊಡ್ಡಾಲಹಳ್ಳಿಯವರು. 1989ರಲ್ಲಿ ಸಾತನೂರು ಕ್ಷೇತ್ರದಿಂದ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದ ಇವರು, ಸಿದ್ದರಾಮಯ್ಯನವರ ಮೊದಲ ಸಂಪುಟದಲ್ಲಿ 2014ರ ಜನವರಿಯಿಂದ 2018ರವರೆಗೆ ಇಂಧನ ಖಾತೆಯನ್ನು ನಿರ್ವಹಿಸಿದರು.

ಮಳೆ ಕಡಿಮೆಯಾದ ವರ್ಷಗಳಲ್ಲಿ ಶರಾವತಿ ಮೊದಲಾದ ಜಲವಿದ್ಯುತ್ ಯೋಜನೆಗಳ ಉತ್ಪಾದನೆ ಕುಸಿದು, ರಾಜ್ಯವು ವಿದ್ಯುತ್ ಕೊರತೆಯನ್ನು ಎದುರಿಸುತ್ತಿತ್ತು. 2014ರಲ್ಲಿ ಪ್ರಕಟವಾದ ಸೌರನೀತಿಯು ಇದಕ್ಕೆ ಪರ್ಯಾಯವನ್ನು ಹುಡುಕಿತು. ಅದೇ ವರ್ಷದ 'ಸೂರ್ಯ ರೈತ' ಯೋಜನೆಯಡಿ ಸೌರ ಪಂಪ್‌ಸೆಟ್ ಹೊಂದಿದ ರೈತರು ಹೆಚ್ಚುವರಿ ವಿದ್ಯುತ್ತನ್ನು ಸರ್ಕಾರಿ ಜಾಲಕ್ಕೆ ಮಾರಬಹುದಾಗಿತ್ತು.

ಈ ಅವಧಿಯ ಪ್ರಮುಖ ಕಾರ್ಯವೆಂದರೆ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನ. ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಇದನ್ನು ರೂಪಿಸಲಾಯಿತು. ಪದೇ ಪದೇ ಬರಕ್ಕೆ ತುತ್ತಾಗುವ ಈ ಸೀಮೆಯ ಜಮೀನನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿ ಬಾಡಿಗೆ ನಿಗದಿಯಾಗಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಗೆ ಅವಕಾಶವಿತ್ತು. ಒಡೆತನ ರೈತರಲ್ಲಿಯೇ ಉಳಿದದ್ದು ಈ ಮಾದರಿಯ ನಿಜವಾದ ವೈಶಿಷ್ಟ್ಯ. ಆದರೆ ಬಾಡಿಗೆ ಸಲ್ಲುವುದು ಭೂಮಾಲೀಕರಿಗೆ ಮಾತ್ರ; ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೂ ಕುರಿ ಮೇಯಿಸುತ್ತಿದ್ದವರಿಗೂ ಜೀವನಾಧಾರ ತಪ್ಪಿತೆಂಬ ಟೀಕೆ ಇದೆ.

ಉದ್ಯಾನದ ಮೊದಲ ಹಂತವನ್ನು 2018ರ ಮಾರ್ಚ್ 1ರಂದು ಮುಖ್ಯಮಂತ್ರಿಗಳು ಉದ್ಘಾಟಿಸಿದರು. ಅದೇ ವರ್ಷ ಕರ್ನಾಟಕವು ಸ್ಥಾಪಿತ ಸೌರ ಸಾಮರ್ಥ್ಯದಲ್ಲಿ ದೇಶದ ಮೊದಲ ಸ್ಥಾನಕ್ಕೇರಿತು. ಮುಂದಿನ ಸಮ್ಮಿಶ್ರ ಸರ್ಕಾರದಲ್ಲಿ ಶಿವಕುಮಾರ್ ಜಲಸಂಪನ್ಮೂಲ ಖಾತೆಗೆ ಬದಲಾದರು. ಉದ್ಯಾನವು 2019ರ ಕೊನೆಯಲ್ಲಿ ಪೂರ್ಣ ಸಾಮರ್ಥ್ಯವನ್ನು ತಲುಪಿತು.