ಬೇತಾಳನ ಎರಡು ಪಾಠಗಳು

ದೆವ್ವವೆಂದರೆ ಹೆದರಿಸುವುದು, ಇಲ್ಲವೆ ಮೈಮೇಲೆ ಬರುವುದು. ಕಥೆಗಳಲ್ಲಿ ಅದರ ಕಸುಬು ಇಷ್ಟೇ ಎಂದು ತಿಳಿದವರು ಬಹಳ. ಆದರೆ ಹೆದರಿಸುವುದನ್ನು ಬಿಟ್ಟು ವಿಚಾರ ಮಾಡಲು ಕಲಿಸಿದ ದೆವ್ವವೊಂದು ನಮ್ಮ ಕಥಾಪರಂಪರೆಯಲ್ಲಿ ಉಂಟು. ಅದೇ ಬೇತಾಳ.

'ಚಂದಮಾಮ'ವನ್ನು ಓದಿ ಬೆಳೆದವರಿಗೆ ಇವನು ವಿಕ್ರಮಾರ್ಕನ ಹೆಗಲೇರಿದವನೆಂದೇ ಪರಿಚಿತ. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ 'ಕಥಾಸರಿತ್ಸಾಗರ'ದಲ್ಲಿ ಆ ರಾಜನ ಹೆಸರು ತ್ರಿವಿಕ್ರಮಸೇನ. ಊರು ಗೋದಾವರಿ ತೀರದ ಪ್ರತಿಷ್ಠಾನ. ಕ್ಷಾಂತಿಶೀಲನೆಂಬ ಭಿಕ್ಷು ದಿನಕ್ಕೊಂದು ಹಣ್ಣನ್ನು ಕಾಣಿಕೆ ಕೊಟ್ಟ, ಹಣ್ಣುಗಳೊಳಗೆ ರತ್ನಗಳಿದ್ದುವು. ಆ ಋಣಕ್ಕೆ ಕಟ್ಟುಬಿದ್ದ ರಾಜ ಸ್ಮಶಾನದ ಮರದಿಂದ ಹೆಣವನ್ನಿಳಿಸಿ ಹೊತ್ತು ತರಬೇಕಾಯಿತು. ಹೆಣದೊಳಗಿದ್ದ ಬೇತಾಳ ದಾರಿಯುದ್ದಕ್ಕೂ ಕಥೆ ಹೇಳಿ, ಕೊನೆಗೊಂದು ಪ್ರಶ್ನೆ ಹಾಕುತ್ತಾನೆ. ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ಬಾಯಿಬಿಟ್ಟರೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ.

ತಿಳಿದವನು ಸುಮ್ಮನಿರಬಾರದು, ಮಾತಿನಿಂದ ನಷ್ಟವಾದರೂ ಆಡಲೇಬೇಕು. ಇದು ಬೇತಾಳನ ಮೊದಲ ಪಾಠ. ಎರಡನೆಯದು ಕಡೆಯ ಪ್ರಶ್ನೆಯಲ್ಲಿದೆ. ತಂದೆ ಮಗಳನ್ನೂ ಮಗ ಅವಳ ತಾಯಿಯನ್ನೂ ಮದುವೆಯಾದರೆ ಅವರ ಮಕ್ಕಳಿಗೆ ಪರಸ್ಪರ ಏನು ನಂಟು? ರಾಜನಿಗೆ ಹೊಳೆಯಲಿಲ್ಲ; ಮೌನವಾಗಿ ನಡೆದ. ಜಾಣ ಉತ್ತರಗಳಿಗೆಲ್ಲ ಓಡಿಹೋದ ಬೇತಾಳ ಈ ಮೌನಕ್ಕೆ ಮೆಚ್ಚಿದ. ಭಿಕ್ಷು ನಿನ್ನನ್ನೇ ಬಲಿಕೊಡಲಿದ್ದಾನೆ. ಅಡ್ಡಬೀಳೆಂದಾಗ 'ನನಗೆ ಬಾರದು, ತೋರಿಸಿಕೊಡು' ಎನ್ನು ಎಂದು ಎಚ್ಚರಿಸಿದ. 'ನನಗೆ ಬಾರದು' ಎಂಬ ಮಾತೇ ರಾಜನ ಜೀವವನ್ನುಳಿಸಿತು.

ಸೋಮದೇವ ಈ ಕಥೆಗಳನ್ನು ಹೇಳಿದ್ದು ಕಾಶ್ಮೀರದ ಅನಂತರಾಜನ ರಾಣಿ ಸೂರ್ಯವತಿಯ ಮನಸ್ಸಂತೋಷಕ್ಕಾಗಿ. ಆ ಅರಮನೆಯ ಮುಂದಿದ್ದ ಪ್ರಶ್ನೆಯೂ ಸಾಮಾನ್ಯದ್ದಲ್ಲ. ಪುತ್ರವಾತ್ಸಲ್ಯದ ರಾಣಿಯ ಒತ್ತಾಯಕ್ಕೆ ಮಣಿದು ಅನಂತ 1063ರಲ್ಲಿ ಮಗ ಕಲಶನಿಗೆ ಪಟ್ಟ ಕಟ್ಟಿದ. ಅವಸರದ ಈ ತೀರ್ಮಾನ ತಂದೆಮಕ್ಕಳನ್ನು ಹಗೆಗಳಾಗಿಸಿತು. 1081ರಲ್ಲಿ ಅನಂತ ಪ್ರಾಣ ಕಳೆದುಕೊಂಡ, ಸೂರ್ಯವತಿ ಚಿತೆಯೇರಿದಳು. ಕಲ್ಹಣನ 'ರಾಜತರಂಗಿಣಿ'ಯಲ್ಲಿ ಈ ವೃತ್ತಾಂತವನ್ನು ಓದಿದ ಮೇಲೆ, ಬೇತಾಳನ ಕಥೆಗಳು ಕೇವಲ ವಿನೋದಕ್ಕೆಂದು ನನಗೆ ತೋರುವುದಿಲ್ಲ.

ಅದೇ ಬೇತಾಳ ಕನ್ನಡ ರಂಗಭೂಮಿಗೂ ಬಂದಿದ್ದಾನೆ. ಗಂಡನ ಮತ್ತು ಅಣ್ಣನ ಕಡಿದ ತಲೆಗಳನ್ನು ಹೆಣ್ಣೊಬ್ಬಳು ಅದಲುಬದಲಾಗಿ ಜೋಡಿಸಿದಳು, ಗಂಡ ಯಾರು? ಅಂಗಗಳಲ್ಲಿ ತಲೆಯೇ ಪ್ರಧಾನ, ಗಂಡನ ತಲೆಯುಳ್ಳವನೇ ಗಂಡ ಎಂದ ತ್ರಿವಿಕ್ರಮಸೇನ. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಈ ಕಥೆಯನ್ನು ಕಾದಂಬರಿಯಾಗಿಸಿ, ಅಣ್ಣನ ಜಾಗದಲ್ಲಿ ಗೆಳೆಯನನ್ನು ನಿಲ್ಲಿಸಿದ. ಅದರ ಜಾಡು ಹಿಡಿದ ಗಿರೀಶ ಕಾರ್ನಾಡರ 'ಹಯವದನ' 1971ರಲ್ಲಿ ಪ್ರಕಟವಾಯಿತು. ಅಲ್ಲಿ ಋಷಿಯೊಬ್ಬ ರಾಜನ ತೀರ್ಪನ್ನೇ ಕೊಡುತ್ತಾನೆ. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಗಂಡನಾದವನು ಪಡೆದ ಗಟ್ಟಿ ಮೈ ದಿನ ಕಳೆದಂತೆ ಕರಗುತ್ತದೆ. ಹೆಣ್ಣಿನ ಮನಸ್ಸು ಮತ್ತೆ ಇನ್ನೊಬ್ಬನತ್ತ ಹೊರಳುತ್ತದೆ. ತೀರ್ಪೇನೋ ಬಂತು, ಬಾಳು ಬಗೆಹರಿಯಲಿಲ್ಲ.

ಎಲ್ಲಕ್ಕೂ ತಟ್ಟನೆ ಉತ್ತರ ಹೇಳುವವನೇ ಬುದ್ಧಿವಂತನೆನಿಸಿಕೊಳ್ಳುವ ಕಾಲ ನಮ್ಮದು. ನಮ್ಮ ತರಗತಿಗಳಲ್ಲಿ ನಾವು ಅಂಕ ಕೊಡುವುದೂ ಉತ್ತರಕ್ಕೇ. ತಿಳಿದಾಗ ಆಡಬೇಕು, ತಿಳಿಯದಾಗ ತಡೆಯಬೇಕು. ಎರಡರಲ್ಲಿ ಎರಡನೆಯದೇ ಕಠಿಣ. ರಾಜನಾದರೂ ಅದನ್ನು ಕಲಿತದ್ದು ಹೆಣ ಹೊತ್ತು ಅಷ್ಟು ಬಾರಿ ಅದೇ ದಾರಿ ತುಳಿದ ಮೇಲೆ.